ಸೀಸೆಯೊಳಗಿನ ಕರುಳು

ಉಂಡ ಅನ್ನ ಮೈಯೊಳಗೆ ಏನಾಗುತ್ತದೆ ಎಂಬುದನ್ನು ಮೈಯ ಹೊರಗೆ, ಗಾಜಿನ ಪಾತ್ರೆಯಲ್ಲಿ ನಡೆಸಿ ನೋಡುವ ಏರ್ಪಾಡಿಗೆ ಜೀರ್ಣಾಂಗದ ಪ್ರಯೋಗಾಲಯ ಮಾದರಿ ಎಂದು ಹೆಸರು. ತೀರ ಸರಳ ಮಾದರಿಗೆ 37 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನ ತೊಟ್ಟಿ, ಒಂದಿಷ್ಟು ಆಮ್ಲ, ಹಂದಿಯ ಜಠರದಿಂದ ತೆಗೆದ ಪೆಪ್ಸಿನ್ ಪುಡಿ, ಪಿತ್ತದ ಲವಣ, ಇವಿಷ್ಟಿದ್ದರೆ ಸಾಕು. ಜಟಿಲವಾದ ಮಾದರಿಗಳಲ್ಲಿ ಕಂಪ್ಯೂಟರಿನ ಹಿಡಿತದಲ್ಲಿ ಹಿಗ್ಗಿ ಕುಗ್ಗುವ ಕೊಳವೆಗಳಿರುತ್ತವೆ, ಆಮ್ಲಜನಕ ಸೋಕದ ಪಾತ್ರೆಗಳಲ್ಲಿ ವಾರಗಟ್ಟಲೆ ಬದುಕುವ ಸೂಕ್ಷ್ಮಜೀವಿಗಳಿರುತ್ತವೆ. ಬಾಯಿಂದ ಗುದದವರೆಗಿನ ದಾರಿಯನ್ನು ಅದರ ಎಲ್ಲ ಕೆಲಸಗಳೊಡನೆ ಇಡಿಯಾಗಿ ನಕಲು ಮಾಡಿದ ಮಾದರಿ ಮಾತ್ರ ಇಲ್ಲ. ಪ್ರತಿ ತಲೆಮಾರಿನವರೂ ತಮ್ಮ ಪ್ರಶ್ನೆಗೆ ಬೇಕಾದ ತುಂಡನ್ನು ಆರಿಸಿಕೊಂಡು ಉಳಿದದ್ದನ್ನು ಬಿಟ್ಟರು. ಈ ವಿದ್ಯೆಯ ಚರಿತ್ರೆಯೆಂದರೆ ಬಹುಮಟ್ಟಿಗೆ ಆ ಆಯ್ಕೆಗಳ ಚರಿತ್ರೆ.

ಕರ್ನಾಟಕದಲ್ಲಿ ಇದಕ್ಕೆ ಎರಡು ಕವಲು. ಒಂದು ಮೈಸೂರಿನದು, ಮನುಷ್ಯರ ಊಟಕ್ಕೆ ಸಂಬಂಧಿಸಿದ್ದು. ಇನ್ನೊಂದು ಬೆಂಗಳೂರಿನದು, ದನದ ಮೇವಿಗೆ ಸಂಬಂಧಿಸಿದ್ದು. ಶಿಕಾರಿಪುರ, ಸೊರಬ ತಾಲ್ಲೂಕುಗಳು ಮಲೆನಾಡೂ ಬಯಲುಸೀಮೆಯೂ ಕೂಡುವ ಕಡೆ ಇವೆ. ಅಲ್ಲಿನ ಅಡುಗೆಮನೆಯ ಹುಳಿಯೂ ಕೊಟ್ಟಿಗೆಯ ಮಲೆನಾಡು ಗಿಡ್ಡ ದನವೂ ಈ ಎರಡು ಕವಲುಗಳ ಪ್ರಶ್ನೆಗೆ ನೇರವಾಗಿ ಸೇರುತ್ತವೆ. ಎರಡು ಕಡೆಯೂ ಎದುರಾಗುವ ವಸ್ತು ಒಂದೇ: ಕಾಯಿ, ಸಿಪ್ಪೆ, ಎಲೆಗಳಿಗೆ ಒಗರು ಕೊಡುವ ಟ್ಯಾನಿನ್.

18ನೇ ಶತಮಾನದ ಯುರೋಪಿನಲ್ಲಿ ಜೀರ್ಣಕ್ರಿಯೆಯ ಬಗ್ಗೆ ಮೂರು ವಾದಗಳಿದ್ದವು. ಜಠರ ಆಹಾರವನ್ನು ಅರೆಯುತ್ತದೆ ಎಂದು ಕೆಲವರು, ಅಲ್ಲಿ ಅದು ಕೊಳೆಯುತ್ತದೆ ಎಂದು ಕೆಲವರು, ಯಾವುದೋ ರಸದಲ್ಲಿ ಕರಗುತ್ತದೆ ಎಂದು ಇನ್ನು ಕೆಲವರು. 1739ರಲ್ಲಿ ಪ್ಯಾರಿಸ್ಸಿನಲ್ಲಿ ಜಾಕ್ ದ ವೋಕಾನ್ಸನ್ ತೋರಿಸಿದ ಯಂತ್ರದ ಬಾತುಕೋಳಿ ಕಾಳು ನುಂಗಿ ಹಿಕ್ಕೆ ಹಾಕುತ್ತಿತ್ತು. ನುಂಗಿದ ಕಾಳು ಒಳಗೇ ಉಳಿಯುತ್ತಿತ್ತು, ಮೊದಲೇ ತುಂಬಿಟ್ಟ ಹಿಕ್ಕೆ ಹಿಂದಿನಿಂದ ಬೀಳುತ್ತಿತ್ತು ಎಂಬ ಗುಟ್ಟು ನೂರು ವರ್ಷ ಕಳೆದ ಮೇಲೆ ಬಯಲಾಯಿತು. ಮಾದರಿಗಳ ಚರಿತ್ರೆ ಹೀಗೆ ಒಂದು ಕಣ್ಕಟ್ಟಿನಿಂದ ಶುರುವಾಯಿತೆಂದರೆ ತಪ್ಪಿಲ್ಲ.

ನಿಜವಾದ ಪ್ರಯೋಗಕ್ಕೆ ಕೈಹಾಕಿದವನು ರೆನೆ ರೇಮ್ಯೂರ್. ಜೀರ್ಣವಾಗದ ಎಲುಬು, ಗರಿಗಳನ್ನು ಹದ್ದು ಕಕ್ಕಿಬಿಡುತ್ತದೆ. ಈ ಸ್ವಭಾವವನ್ನು ಬಳಸಿಕೊಂಡು ಅವನು, ತುದಿಗಳಿಗೆ ಜಾಲರಿ ಹಾಕಿದ ಲೋಹದ ಕೊಳವೆಯಲ್ಲಿ ಮಾಂಸವಿಟ್ಟು ಸಾಕಿದ ಹದ್ದಿಗೆ ನುಂಗಿಸಿದ. ಕಕ್ಕಿದ ಕೊಳವೆಯೊಳಗಿನ ಮಾಂಸವನ್ನು ಯಾವುದೂ ಅರೆಯುವಂತಿರಲಿಲ್ಲ. ಆದರೂ ಅದು ಕರಗಿತ್ತು. ಕೊಳವೆಯಲ್ಲಿ ಸ್ಪಂಜು ಇಟ್ಟು ನುಂಗಿಸಿ, ಹೊರಬಂದ ಮೇಲೆ ಹಿಂಡಿ, ಜಠರದ ರಸವನ್ನೂ ಅವನು ಪಡೆದ. ಇದು 1752ರ ಮಾತು.

ರಸ ಕೈಗೆ ಸಿಕ್ಕಿದ ಮೇಲೆ ಅದನ್ನು ಮೈಯ ಹೊರಗೆ ಕೆಲಸಕ್ಕೆ ಹಚ್ಚುವುದು ಮುಂದಿನ ಹೆಜ್ಜೆ. ಇಟಲಿಯ ಪಾದ್ರಿ, ಪ್ರಾಧ್ಯಾಪಕ ಲಾಜಾರೊ ಸ್ಪಲಾಂಜಾನಿ ರೊಟ್ಟಿ, ಮಾಂಸಗಳನ್ನು ಬಟ್ಟೆಯ ಪುಟ್ಟ ಚೀಲಗಳಲ್ಲಿ ಹೊಲಿದು ತಾನೇ ನುಂಗಿದ. ಹೊರಬಂದ ಚೀಲ ಬಿಚ್ಚಿ ಎಷ್ಟು ಉಳಿದಿದೆ ಎಂದು ನೋಡಿದ. ಆಮೇಲೆ ಪ್ರಾಣಿಗಳ ಜಠರರಸವನ್ನು ಗಾಜಿನ ಕೊಳವೆಗಳಿಗೆ ಹಾಕಿ, ಮಾಂಸದ ಚೂರು ಸೇರಿಸಿ, ಬಾಯಿ ಮುಚ್ಚಿ, ಕೊಳವೆಗಳನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡ. ಜಠರರಸಕ್ಕೆ ಮೈಯ ಬಿಸಿ ಬೇಕೆಂದು ಅವನಿಗೆ ಗೊತ್ತಿತ್ತು. ಹಗಲೂ ಇರುಳೂ ಒಂದೇ ಬಿಸಿಯನ್ನು ಕಾಯ್ದುಕೊಡುವ ಉಪಕರಣ ಅವನಿಗೆ ಕಂಕುಳೇ ಆಯಿತು. ಕೆಲವು ದಿನ ಕಂಕುಳಲ್ಲಿದ್ದ ರಸದಲ್ಲಿ ಮಾಂಸ ಕರಗಿತು. ಪಕ್ಕದ ಕೊಳವೆಯ ನೀರಿನಲ್ಲಿದ್ದ ಮಾಂಸ ಕೊಳೆತು ನಾರಿತು. 1780ರಲ್ಲಿ ಅಚ್ಚಾದ ಈ ಪ್ರಯೋಗಗಳಲ್ಲಿ ಇಂದಿನ ಮಾದರಿಯ ಮುಖ್ಯ ಅಂಗಗಳೆಲ್ಲ ಇವೆ: ಜೀರ್ಣರಸ, ಮೈಯ ಬಿಸಿ, ಕಾಲದ ಅಳತೆ, ಪಕ್ಕಕ್ಕಿಟ್ಟು ಹೋಲಿಸಲು ಒಂದು ನೀರಿನ ಕೊಳವೆ. ಜೀರ್ಣವಾಗುವುದೂ ಕೊಳೆಯುವುದೂ ಬೇರೆ ಬೇರೆ ಎಂದು ಖಚಿತವಾದದ್ದೂ ಇಲ್ಲಿಯೇ.

ಮುಂದಿನ ಐವತ್ತು ವರ್ಷಗಳ ಸಾಧನೆ ಬಹುಪಾಲು ರಸಾಯನಶಾಸ್ತ್ರದ್ದು. 1824ರಲ್ಲಿ ವಿಲಿಯಂ ಪ್ರೌಟ್ ಜಠರದ ಹುಳಿ ಹೈಡ್ರೋಕ್ಲೋರಿಕ್ ಆಮ್ಲವೆಂದು ಗುರುತಿಸಿದ. ಅಮೆರಿಕದ ಸೇನಾ ವೈದ್ಯ ವಿಲಿಯಂ ಬೋಮಾಂಟ್, 1822ರಲ್ಲಿ ಗುಂಡೇಟಿನಿಂದ ಹೊಟ್ಟೆಯಲ್ಲಿ ಮುಚ್ಚದ ತೂತು ಉಳಿದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೂಲಿಯಾಳಿನ ಜಠರದಿಂದ ರಸ ತೆಗೆದು, ಒಂದೇ ಆಹಾರವನ್ನು ಹೊಟ್ಟೆಯೊಳಗೂ ಸೀಸೆಯೊಳಗೂ ಇಟ್ಟು ಹೋಲಿಸಿ, 1833ರಲ್ಲಿ ಪುಸ್ತಕ ಬರೆದ. ಆ ಆಳಿನ ಒಪ್ಪಿಗೆ ಎಷ್ಟರಮಟ್ಟಿಗಿತ್ತು ಎಂದು ಕೇಳದೆ ಆ ಪುಸ್ತಕ ಓದುವುದು ಇಂದು ಕಷ್ಟ. 1836ರಲ್ಲಿ ಥಿಯೊಡೋರ್ ಶ್ವಾನ್ ಜಠರದ ಕಿಣ್ವಕ್ಕೆ ಪೆಪ್ಸಿನ್ ಎಂದು ಹೆಸರಿಟ್ಟ. ಶತಮಾನ ಮುಗಿಯುವ ಹೊತ್ತಿಗೆ ಪೆಪ್ಸಿನ್ ಔಷಧದಂಗಡಿಯಲ್ಲಿ ಸಿಗುವ ಪುಡಿಯಾಗಿತ್ತು, ಸೀಸೆಯಲ್ಲಿ ಜಠರ ಕಟ್ಟುವುದು ಸುಲಭವಾಗಿತ್ತು.

ದೊಡ್ಡ ಕರುಳಿನ ಕಥೆ ಬೇರೆ. 1885ರಲ್ಲಿ ಥಿಯೊಡೋರ್ ಎಷೆರಿಶ್ ಕೂಸುಗಳ ಮಲದಿಂದ, ಮುಂದೆ ತನ್ನ ಹೆಸರನ್ನೇ ಹೊತ್ತ ಬ್ಯಾಕ್ಟೀರಿಯವನ್ನು ಬೇರ್ಪಡಿಸಿದ. ಅದೇ ವರ್ಷ ಲೂಯಿ ಪಾಶ್ಚರ್, ಸೂಕ್ಷ್ಮಜೀವಿಗಳೇ ಇಲ್ಲದ ಪ್ರಾಣಿ ಬದುಕಬಲ್ಲುದೇ ಎಂಬ ಪ್ರಶ್ನೆ ಎತ್ತಿದ. 1895ರ ಸುಮಾರಿಗೆ ಬರ್ಲಿನ್‌ನಲ್ಲಿ ನಟಲ್ ಮತ್ತು ಥಿಯರ್‌ಫೆಲ್ಡರ್ ಗಿನಿಯಿಲಿ ಮರಿಗಳನ್ನು ತಾಯ ಹೊಟ್ಟೆ ಸೀಳಿ ತೆಗೆದು, ಸೂಕ್ಷ್ಮಜೀವಿ ಇಲ್ಲದ ಗಾಳಿ, ಹಾಲುಗಳಲ್ಲಿ ಕೆಲವು ದಿನ ಬದುಕಿಸಿ ತೋರಿಸಿದರು. ಅಷ್ಟಾದರೂ ಕರುಳಿನ ಸೂಕ್ಷ್ಮಜೀವಿಗಳನ್ನು ಒಟ್ಟಾಗಿ ಸೀಸೆಯಲ್ಲಿ ಸಾಕಲು ಯಾರಿಗೂ ಆಗಲಿಲ್ಲ. ಕಾರಣ ಸರಳ: ಅವುಗಳಲ್ಲಿ ಬಹುಪಾಲಿಗೆ ಆಮ್ಲಜನಕವೇ ವಿಷ. ಗಾಳಿಯಾಡುವ ತಟ್ಟೆಯಲ್ಲಿ ಬೆಳೆಯುತ್ತಿದ್ದವು ಆ ಸಮುದಾಯದ ಅಲ್ಪಸಂಖ್ಯಾತರು ಮಾತ್ರ, ಎಷೆರಿಶ್ ಕಂಡದ್ದೂ ಅಂಥದೇ ಒಂದು.

ದಾರಿ ತೆರೆದದ್ದು ದನದ ಹೊಟ್ಟೆಯಿಂದ. ಮೆಲುಕು ಹಾಕುವ ಪ್ರಾಣಿಯ ರೂಮೆನ್ ಎಂಬ ಮೊದಲ ಹೊಟ್ಟೆಯಲ್ಲಿ ಹುಲ್ಲನ್ನು ಒಡೆಯುವುದೆಲ್ಲ ಸೂಕ್ಷ್ಮಜೀವಿಗಳೇ. ಮನುಷ್ಯನಲ್ಲಿ ಸೂಕ್ಷ್ಮಜೀವಿಗಳ ಬೀಡು ದಾರಿಯ ಕೊನೆಗಿದ್ದು ಕೈಗೆ ಸಿಗುವುದಿಲ್ಲ. ದನದಲ್ಲಿ ಅದು ಮೊದಲಿಗೇ ಇದೆ, ಪಕ್ಕೆಯಲ್ಲಿ ಮುಚ್ಚಳದ ತೂತು ಮಾಡಿದರೆ ರಸವನ್ನು ಬೇಕೆಂದಾಗ ತೆಗೆಯಬಹುದು. ಹಾಲು, ಮಾಂಸದ ಉದ್ಯಮಕ್ಕೆ ಅದರ ಲೆಕ್ಕವೂ ಬೇಕಿತ್ತು. ಅಮೆರಿಕದ ರಾಬರ್ಟ್ ಹಂಗೇಟ್ 1940ರ ದಶಕದಿಂದ, ಆಮ್ಲಜನಕವನ್ನು ಹೊರದೂಡಿ ರಬ್ಬರ್ ಬಿರಡೆ ಜಡಿದ ಕೊಳವೆಗಳ ಒಳಗೋಡೆಗೆ ಅಗರ್ ಲೇಪಿಸಿ, ಈ ಜೀವಿಗಳನ್ನು ಒಂದೊಂದಾಗಿ ಬೆಳೆಸುವ ವಿಧಾನವನ್ನು ರೂಪಿಸಿದ. 1950ರಲ್ಲಿ ಫ್ರಾನ್ಸಿನ ಮೊನೊ, ಅಮೆರಿಕದಲ್ಲಿ ನೋವಿಕ್ ಮತ್ತು ಸಿಲಾರ್ಡ್ ಪರಸ್ಪರ ಸಂಬಂಧವಿಲ್ಲದೆ ಕೀಮೋಸ್ಟಾಟ್ ವಿಧಾನವನ್ನು ಪ್ರಕಟಿಸಿದರು: ಹೊಸ ಆಹಾರ ಹನಿಹನಿಯಾಗಿ ಒಳಗೆ, ಅಷ್ಟೇ ಹಳೆಯ ದ್ರವ ಹೊರಗೆ. ಕರುಳಿನ ಎಲ್ಲ ಸೂಕ್ಷ್ಮಜೀವಿ ಯಂತ್ರಗಳಿಗೂ ಈ ಎರಡೇ ಅಡಿಪಾಯ.

ರೈತರಿಗೆ ಹತ್ತಿರದ ಮಾದರಿಗಳೂ ಬಂದವು. 1963ರಲ್ಲಿ ಇಂಗ್ಲೆಂಡಿನ ಟಿಲಿ ಮತ್ತು ಟೆರಿ, ಮೇವಿನ ಪುಡಿಯನ್ನು 48 ಗಂಟೆ ರೂಮೆನ್ ರಸದಲ್ಲಿ, ಮತ್ತೆ 48 ಗಂಟೆ ಆಮ್ಲ-ಪೆಪ್ಸಿನ್‌ನಲ್ಲಿ ಇಟ್ಟು, ಉಳಿದ ಗಸಿಯನ್ನು ತೂಗುವ ಕ್ರಮ ಕೊಟ್ಟರು. 1979ರಲ್ಲಿ ಜರ್ಮನಿಯ ಹೋಹೆನ್‌ಹೈಮ್‌ನಲ್ಲಿ ಮೆಂಕೆ ಮತ್ತು ಜೊತೆಗಾರರು ಗಾಜಿನ ಸಿರಿಂಜುಗಳಲ್ಲಿ ಮೇವು, ರೂಮೆನ್ ರಸ ತುಂಬಿ, 24 ಗಂಟೆಯಲ್ಲಿ ಹುಟ್ಟಿದ ಅನಿಲ ಪಿಸ್ಟನ್ನನ್ನು ಎಷ್ಟು ತಳ್ಳಿತೆಂದು ಓದಿದರು. ಈ ಸಿರಿಂಜು ವಿಧಾನ ಅಗ್ಗ. ಒಂದೇ ದಿನಕ್ಕೆ ಹತ್ತಾರು ಬಗೆಯ ಸೊಪ್ಪು, ಹಿಂಡಿಗಳನ್ನು ಒರೆಗೆ ಹಚ್ಚಬಹುದು.

ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ಶುರುವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯ ಮೀಥೇನ್ ಸಂಶೋಧನೆಗೆ ಇಂಥ ಅನಿಲ ಅಳೆಯುವ ವಿಧಾನವೇ ಆಧಾರ. ರೂಮೆನ್‌ನ ಕೆಲವು ಜೀವಿಗಳು ಮೇವಿನ ಶಕ್ತಿಯ ಒಂದು ಪಾಲನ್ನು ಮೀಥೇನ್ ಆಗಿಸಿ ತೇಗಿನಲ್ಲಿ ಹೊರಗೆ ಕಳಿಸುತ್ತವೆ. ಅದು ದನಕ್ಕೂ ನಷ್ಟ, ವಾತಾವರಣಕ್ಕೂ ಕೆಡುಕು. ಟ್ಯಾನಿನ್ ಹೆಚ್ಚಿರುವ ಎಲೆ, ಸಿಪ್ಪೆಗಳನ್ನು ಹದವಾಗಿ ಬೆರೆಸಿದರೆ ಮೀಥೇನ್ ಇಳಿಯುತ್ತದೆಂದು ಕಂಡುಬಂತು. ಅದರಿಂದ ಹುಟ್ಟಿದ ಪೂರಕ ಮೇವು ‘ಹರಿತ್ ಧಾರಾ’ 2021ರಲ್ಲಿ ಹೊರಬಂತು. ಮೀಥೇನನ್ನು ನೂರಕ್ಕೆ 17ರಿಂದ 20ರಷ್ಟು ತಗ್ಗಿಸುತ್ತದೆ ಎಂಬುದು ಸಂಸ್ಥೆಯ ಮಾತು. ಸೊರಬ, ಶಿಕಾರಿಪುರದ ಕಾಡಂಚಿನ ಊರುಗಳಲ್ಲಿ ಸೊಪ್ಪು, ಚಿಗುರು, ಪೊದೆ ಮೇಯುತ್ತ ಬಂದ ಮಲೆನಾಡು ಗಿಡ್ಡ ದನಕ್ಕೆ ಒಗರಿನ ಮೇವು ಹೊಸದಲ್ಲ. ಆದರೆ ಹದ ಮೀರಿದರೆ ಅದೇ ಟ್ಯಾನಿನ್ ಮೇವಿನ ಪ್ರೋಟೀನನ್ನೂ ಹಿಡಿದಿಟ್ಟು ದನಕ್ಕೆ ದಕ್ಕದಂತೆ ಮಾಡುತ್ತದೆ. ಎಷ್ಟು ಹಾಕಿದರೆ ಲಾಭ, ಎಲ್ಲಿಂದ ನಷ್ಟ ಎಂದು ಮೊದಲು ಹೇಳಬೇಕಾದದ್ದು ಸಿರಿಂಜೇ.

ಮನುಷ್ಯರ ಊಟದಲ್ಲಿ ಇದೇ ಟ್ಯಾನಿನ್ ಕಬ್ಬಿಣವನ್ನು ಹಿಡಿದಿಡುತ್ತದೆ, ಹಾಗಾಗಿ ಅಲ್ಲಿ ಅದು ಕಬ್ಬಿಣದ ಪ್ರಶ್ನೆಯಾಗಿ ಬರುತ್ತದೆ. ಭಾರತದಲ್ಲಿ ಪೌಷ್ಟಿಕತೆಯ ಸಂಶೋಧನೆ 20ನೇ ಶತಮಾನದ ಮೊದಲ ಭಾಗದಲ್ಲಿ ಇಲಿಯ ಮೇಲೆ ನಿಂತಿತ್ತು. ಕೂನೂರಿನಲ್ಲಿ ರಾಬರ್ಟ್ ಮೆಕಾರಿಸನ್ ಬೇರೆ ಬೇರೆ ಪ್ರಾಂತಗಳ ಊಟವನ್ನು ಇಲಿಗಳಿಗೆ ಹಾಕಿ ಬೆಳವಣಿಗೆ ಹೋಲಿಸಿದ ಪ್ರಯೋಗಗಳು ಹೆಸರಾಗಿವೆ. ಆದರೆ ಕಬ್ಬಿಣದ ವಿಷಯದಲ್ಲಿ ಇಲಿಯನ್ನು ನಂಬುವಂತಿಲ್ಲ: ಧಾನ್ಯದ ಫೈಟೇಟ್ ಎಂಬ ತಡೆಯನ್ನು ಒಡೆಯುವ ಶಕ್ತಿ ಅದರ ಕರುಳಿಗೆ ನಮ್ಮ ಕರುಳಿಗಿಂತ ಹೆಚ್ಚು, ವಿಟಮಿನ್ ಸಿಯನ್ನೂ ಅದರ ಮೈಯೇ ತಯಾರಿಸುತ್ತದೆ. ಮನುಷ್ಯರಿಗೇ ವಿಕಿರಣಶೀಲ ಕಬ್ಬಿಣ ಉಣ್ಣಿಸಿ ರಕ್ತದಲ್ಲಿ ಅಳೆಯುವ ದಾರಿ ಇತ್ತು. ಅದು ದುಬಾರಿ, ಪ್ರತಿಯೊಂದು ಊಟಕ್ಕೂ ಮಾಡಲಾಗದ್ದು. ಹೀಗಾಗಿ ಸೀಸೆಗೆ ಮರಳಬೇಕಾಯಿತು. ಕೂನೂರಿನ ಸಂಸ್ಥೆಯೇ ಹೈದರಾಬಾದಿಗೆ ಬಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯಾದ ಮೇಲೆ, 1978ರಲ್ಲಿ ಬಿ.ಎಸ್. ನರಸಿಂಗರಾವ್ ಮತ್ತು ಟಿ. ಪ್ರಭಾವತಿ ಒಂದು ಸರಳ ಪರೀಕ್ಷೆ ಪ್ರಕಟಿಸಿದರು: ಊಟವನ್ನು ಪೆಪ್ಸಿನ್, ಆಮ್ಲಗಳಲ್ಲಿ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 1.35ಕ್ಕೆ ಇಟ್ಟು, ಆಮೇಲೆ 7.5ಕ್ಕೆ ಏರಿಸಿ, ಸೋಸಿ, ಅಯಾನು ರೂಪದಲ್ಲಿ ಉಳಿದ ಕಬ್ಬಿಣವನ್ನು ಅಳೆಯುವುದು. ಆ ಅಂಕಿ ಮನುಷ್ಯರ ಮೇಲಿನ ಅಳತೆಗಳ ಜೊತೆ ಹೊಂದುತ್ತಿತ್ತು. ಮೂರು ವರ್ಷದ ಬಳಿಕ ಅಮೆರಿಕದ ಕಾರ್ನೆಲ್‌ನಲ್ಲಿ ಮಿಲ್ಲರ್ ಮತ್ತು ಜೊತೆಗಾರರು ಇದಕ್ಕೆ ಡಯಾಲಿಸಿಸ್ ಚೀಲ ಸೇರಿಸಿದರು.

ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರ ಅಕ್ಟೋಬರ್ 21ರಂದು, ವಿ. ಸುಬ್ರಹ್ಮಣ್ಯನ್ ಅವರ ನಿರ್ದೇಶನದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ, ಈ ಚೀಲದ ವಿಧಾನವನ್ನು ನಮ್ಮ ಊಟಗಳ ಮೇಲೆ ಪಟ್ಟಾಗಿ ಪ್ರಯೋಗಿಸಿತು. ಕೃಷ್ಣಾಪುರ ಶ್ರೀನಿವಾಸನ್, ಕಲ್ಪನಾ ಪ್ಲಾಟೆಲ್ ಮತ್ತು ಅವರ ವಿದ್ಯಾರ್ಥಿಗಳು 2000ದ ದಶಕದಲ್ಲಿ ನಡೆಸಿದ ಸರಣಿ, ಜೀರ್ಣಾಂಗದ ಮಾದರಿಯನ್ನು ಕನ್ನಡಿಗರ ಅಡುಗೆಯ ಹತ್ತಿರಕ್ಕೆ ತಂದ ಕೆಲಸ. ನಡೆಯುವ ಕ್ರಮ ಹೀಗೆ. ಬೇಯಿಸಿದ ಅನ್ನವನ್ನೋ ಬೇಳೆಯನ್ನೋ ನುಣ್ಣಗೆ ಅರೆದು ಸೀಸೆಗೆ ಹಾಕಿ, ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟು ಪಿಎಚ್ 2ಕ್ಕೆ ಇಳಿಸಿ, ಪೆಪ್ಸಿನ್ ಸೇರಿಸಿ, 37 ಡಿಗ್ರಿಯಲ್ಲಿ ಎರಡು ಗಂಟೆ ಅಲುಗಾಡಿಸುತ್ತಾರೆ. ಅಲ್ಲಿಗೆ ಜಠರ ಮುಗಿಯಿತು. ಆಮೇಲೆ ಸೋಡಾ ಬೈಕಾರ್ಬನೇಟ್ ದ್ರಾವಣ ತುಂಬಿ ಎರಡೂ ತುದಿ ಕಟ್ಟಿದ ಡಯಾಲಿಸಿಸ್ ಚೀಲವನ್ನು ಅದೇ ಸೀಸೆಯೊಳಗೆ ಬಿಡುತ್ತಾರೆ. ಸೋಡಾ ಚೀಲದ ಸೂಕ್ಷ್ಮ ರಂಧ್ರಗಳಿಂದ ನಿಧಾನಕ್ಕೆ ಹೊರಗೆ ಸೋರಿ ಹುಳಿಯನ್ನು ತಗ್ಗಿಸುತ್ತದೆ. ಒಮ್ಮೆಗೇ ಸುರಿದರೆ ಕಬ್ಬಿಣ ಗಸಿಯಾಗಿ ತಳ ಸೇರಿಬಿಡುತ್ತದೆ. ಪಿಎಚ್ 5ಕ್ಕೆ ಬಂದಾಗ ಪಿತ್ತದ ಲವಣ ಮತ್ತು ಮೇದೋಜ್ಜೀರಕದ ಕಿಣ್ವಗಳನ್ನು ಹಾಕಿ, 7 ತಲುಪುವ ತನಕ ಬಿಡುತ್ತಾರೆ. ಕೊನೆಗೆ ಚೀಲವನ್ನು ತೆಗೆದು ತೊಳೆದು ಬಿಚ್ಚಿ, ಒಳಗೆ ನುಸುಳಿದ ಕಬ್ಬಿಣ, ಸತುವನ್ನು ಅಳೆಯುತ್ತಾರೆ. ಚೀಲದೊಳಗೆ ಬಂದದ್ದು ಕರುಳು ಹೀರಲು ಸಿಗಬಹುದಾದದ್ದು, ಹೊರಗುಳಿದದ್ದು ಸಿಗದ್ದು. ಸೂಕ್ಷ್ಮಜೀವಿಗೆ ಇಲ್ಲಿ ಜಾಗವೇ ಇಲ್ಲ, ಕರುಳಿನ ಗೋಡೆಯೂ ಇಲ್ಲ. ಆದರೂ ಕೇಳಿದ ಪ್ರಶ್ನೆಗೆ ಅಷ್ಟೇ ಸಾಕಿತ್ತು. ದೊಡ್ಡ ಯಂತ್ರಗಳನ್ನು ಮೆಚ್ಚುವ ಕಾಲದಲ್ಲಿ ಇದನ್ನು ಒತ್ತಿ ಹೇಳಬೇಕಾಗುತ್ತದೆ.

ಉತ್ತರಗಳು ಸಮಾಧಾನ ತರುವಂಥವಾಗಿರಲಿಲ್ಲ. ಅಕ್ಕಿ, ರಾಗಿ, ಜೋಳದಂಥ ಧಾನ್ಯಗಳಲ್ಲಿನ ಕಬ್ಬಿಣದಲ್ಲಿ ಚೀಲ ಸೇರಿದ್ದು ನೂರಕ್ಕೆ ಸುಮಾರು 4ರಿಂದ 8 ಭಾಗ. ಅದನ್ನು ಏರಿಸುವ ಉಪಾಯಗಳು ಮಾತ್ರ ಅಡುಗೆಮನೆಯಲ್ಲಿಯೇ ಇದ್ದವು. ಇಡ್ಲಿ, ದೋಸೆಯ ಹಿಟ್ಟು ಹುದುಗಿದಾಗ ಕಬ್ಬಿಣವೂ ಸತುವೂ ಹೆಚ್ಚು ಸಿಗುತ್ತವೆ ಎಂದು 2007ರಲ್ಲಿ ತೋರಿತು. ಮೊಳಕೆ ಕಟ್ಟಿ ಮಾಡಿದ ರಾಗಿ ಹಿಟ್ಟಿನಲ್ಲಿ ಕಬ್ಬಿಣ ದಕ್ಕುವ ಪ್ರಮಾಣ ಮೂರು ಪಟ್ಟಿಗೂ ಮಿಕ್ಕಿತು. ಕೂಸಿಗೆ ರಾಗಿ ಸರಿ ತಿನ್ನಿಸುವವರಿಗೆ ಇದು ಒಳ್ಳೆಯ ಸುದ್ದಿ. ಈರುಳ್ಳಿ, ಬೆಳ್ಳುಳ್ಳಿ ಬೆರೆಸಿದರೂ ಏರುತ್ತದೆ ಎಂದು 2010ರ ಪ್ರಕಟಣೆ.

ಮಲೆನಾಡಿಗೆ ಹೆಚ್ಚು ತಟ್ಟುವುದು 2005ರಲ್ಲಿ ಪ್ರಕಟವಾದ ಹುಳಿಗಳ ಅಧ್ಯಯನ. ಹುಳಿ ಬೆರೆತರೆ ಕಬ್ಬಿಣ ಕರಗಿ ಚೀಲ ಸೇರುತ್ತದೆ ಎಂಬುದು ಸಾಮಾನ್ಯ ನಿರೀಕ್ಷೆ. ಸಿಟ್ರಿಕ್ ಆಮ್ಲ ಮತ್ತು ಒಣ ಮಾವಿನಕಾಯಿ ಪುಡಿ ಬಹುಮಟ್ಟಿಗೆ ಹಾಗೆಯೇ ನಡೆದುಕೊಂಡವು. ಹುಣಸೆ ಮತ್ತು ಕೋಕಂ, ಅಂದರೆ ಮುರುಗಲು, ಪಿಎಚ್ ಇಳಿಸಿದರೂ ಆ ಉಪಕಾರ ಮಾಡಲಿಲ್ಲ. ಕಾರಣ ಅವುಗಳ ಒಗರು: ಆಮ್ಲ ಬಿಡಿಸಿದ ಕಬ್ಬಿಣವನ್ನು ಟ್ಯಾನಿನ್ ಮತ್ತೆ ಹಿಡಿದುಕೊಳ್ಳುತ್ತದೆ. ಸೊರಬದ ಕಡೆಯ ಮನೆಯಲ್ಲಿ ಮಾವಿನ ಅಪ್ಪೆಹುಳಿಯೂ ಮುರುಗಲು ಸಾರೂ ಒಂದೇ ಅನ್ನದ ಮೇಲೆ ಬೀಳುತ್ತವೆ, ನಾಲಿಗೆಗೆ ಎರಡೂ ಹುಳಿಯೇ. ಮೈಸೂರಿನ ಚೀಲದ ಲೆಕ್ಕದಲ್ಲಿ ಮಾವಿನ ಹುಳಿಯೂ ಮುರುಗಲಿನ ಹುಳಿಯೂ ಒಂದೇ ಅಲ್ಲ. ಹಾಗೆಂದು ಮುರುಗಲನ್ನು ದೂರಬೇಕಾಗಿಲ್ಲ. ಬೇಸಿಗೆಯ ಪಾನಕವಾಗಿ ಊಟದ ಹೊತ್ತಿಗೆ ಹೊರತಾಗಿ ಕುಡಿದರೆ ಈ ತಕರಾರೇ ಏಳುವುದಿಲ್ಲ.

ಇತ್ತ ಯುರೋಪಿನಲ್ಲಿ, ದನದಿಂದ ಕಲಿತದ್ದು ಮನುಷ್ಯನ ದೊಡ್ಡ ಕರುಳಿಗೆ ದಾಟಿತ್ತು. ಕೇಂಬ್ರಿಜ್‌ನ ಗಿಬ್ಸನ್, ಕಮಿಂಗ್ಸ್, ಮ್ಯಾಕ್‌ಫರ್ಲೇನ್ 1988ರಲ್ಲಿ ಮೂರು ಪಾತ್ರೆಗಳನ್ನು ಸಾಲಾಗಿ ಜೋಡಿಸಿದರು. ದೊಡ್ಡ ಕರುಳಿನ ಮೊದಲ ಭಾಗ ತುಸು ಹುಳಿ, ಕೊನೆಯ ಭಾಗ ಬಹುತೇಕ ತಟಸ್ಥ. ಪಾತ್ರೆಗಳ ಪಿಎಚ್ ಕೂಡ ಹಾಗೆಯೇ ಏರುತ್ತ ಹೋಗುತ್ತದೆ. ಬೀಜವಾಗಿ ಹಾಕಿದ್ದು ಆರೋಗ್ಯವಂತರ ಮಲ. ಹತ್ತು ವರ್ಷದ ಮೇಲೆ, ಹಠಾತ್ತಾಗಿ ಸತ್ತವರ ಕರುಳಿನಿಂದ ತೆಗೆದ ವಸ್ತುವಿನ ಜೊತೆ ಈ ಪಾತ್ರೆಗಳನ್ನು ಹೋಲಿಸಿ, ನಕಲು ಅಸಲಿಗೆ ಹತ್ತಿರವಿದೆ ಎಂದು ಖಾತ್ರಿ ಮಾಡಿಕೊಂಡರು. 1993ರಲ್ಲಿ ಬೆಲ್ಜಿಯಂನ ಗೆಂಟ್‌ನಲ್ಲಿ ಮೊಲಿ, ವಾಂಡ ವೂಸ್ಟೈನ, ವರ್‌ಸ್ಟ್ರಾಟ ಸೇರಿ ಕಟ್ಟಿದ ‘ಶೈಮ್’ನಲ್ಲಿ ಪಾತ್ರೆಗಳು ಐದು: ಜಠರ, ಸಣ್ಣ ಕರುಳು, ದೊಡ್ಡ ಕರುಳಿನ ಮೂರು ಭಾಗ. ಹಾಕಿದ ಜೀವಿಗಳು ಹೊಂದಿಕೊಂಡು ಸ್ಥಿರವಾಗಲು ಎರಡು-ಮೂರು ವಾರ ಕಾಯಬೇಕು, ಅಲ್ಲಿಯವರೆಗೆ ಪ್ರಯೋಗವೇ ಶುರುವಾಗುವುದಿಲ್ಲ. 1995ರಲ್ಲಿ ನೆದರ್ಲೆಂಡ್ಸಿನ ಮಿನೆಕಸ್ ಮತ್ತು ಜೊತೆಗಾರರ ‘ಟಿಮ್’ ಯಂತ್ರ ಚಲನೆಯನ್ನೂ ಸೇರಿಸಿತು: ಮೆತ್ತನೆಯ ಕೊಳವೆಗಳ ಸುತ್ತ ಬೆಚ್ಚಗಿನ ನೀರಿನ ಒತ್ತಡ ಏರಿ ಇಳಿದು ಕರುಳಿನ ಹಿಂಡುವಿಕೆಯನ್ನು ನಕಲು ಮಾಡುತ್ತದೆ. 1999ರ ಎರಡನೆಯ ‘ಟಿಮ್’ ದೊಡ್ಡ ಕರುಳಿನದು. ಸೂಕ್ಷ್ಮಜೀವಿಗಳು ಹುಟ್ಟಿಸಿದ ಆಮ್ಲಗಳನ್ನು ಮೈ ಹೀರಿಕೊಳ್ಳುವಂತೆ ಅದು ಆಗಿಂದಾಗ್ಗೆ ಹೊರಗೆಳೆಯುತ್ತದೆ.

ಇವುಗಳಲ್ಲೂ ಜೀವಂತ ಗೋಡೆ ಇರಲಿಲ್ಲ. 2012ರಲ್ಲಿ ಹಾರ್ವರ್ಡ್‌ನ ವೀಸ್ ಸಂಸ್ಥೆಯ ಕಿಮ್, ಹ್ಯೂ, ಹ್ಯಾಮಿಲ್ಟನ್, ಇಂಗ್ಬರ್ ಅದನ್ನು ಬೆರಳಗಲದ ಸಿಲಿಕೋನ್ ಚಿಪ್‌ನಲ್ಲಿ ಬೆಳೆಸಿದರು. ಹಿಗ್ಗುವ ಪೊರೆಯ ಮೇಲೆ ಮನುಷ್ಯರ ಜೀವಕೋಶಗಳ ಪದರ, ಮೇಲೂ ಕೆಳಗೂ ಹರಿವ ದ್ರವ, ಲಯವಾಗಿ ಎಳೆದು ಬಿಡುವ ನಿರ್ವಾತ. ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯ ಆ ಪದರದ ಮೇಲೆ ಒಂದು ವಾರಕ್ಕೂ ಹೆಚ್ಚು ಬದುಕಿತು. ಬಳಸಿದ ಕೇಕೋ-2 ಜೀವಕೋಶಗಳು ದೊಡ್ಡ ಕರುಳಿನ ಕ್ಯಾನ್ಸರಿನಿಂದ ಬಂದವು. ಅವು ನಟಿಸುವುದು ಸಣ್ಣ ಕರುಳಿನ ಪಾತ್ರವನ್ನು.

ಮಾದರಿಗಳು ಹೆಚ್ಚಿದ ಹಾಗೆ ಒಬ್ಬರ ಅಂಕಿ ಇನ್ನೊಬ್ಬರಿಗೆ ತಾಳೆಯಾಗದಾಯಿತು. ಹೈದರಾಬಾದಿನ ಜಠರ ಪಿಎಚ್ 1.35, ಮೈಸೂರಿನದು 2. 2014ರಲ್ಲಿ ‘ಇನ್ಫೋಜೆಸ್ಟ್’ ಎಂಬ ಅಂತರರಾಷ್ಟ್ರೀಯ ಬಳಗ ಒಂದು ಸಾಮಾನ್ಯ ಕ್ರಮ ಪ್ರಕಟಿಸಿತು: ಬಾಯಿಯ ಹಂತ 2 ನಿಮಿಷ, ಜಠರ ಪಿಎಚ್ 3ರಲ್ಲಿ 2 ಗಂಟೆ, ಸಣ್ಣ ಕರುಳು ಪಿಎಚ್ 7ರಲ್ಲಿ 2 ಗಂಟೆ. ತುಂಬಿದ ಹೊಟ್ಟೆಯ ಸರಾಸರಿ ಹುಳಿ ಬರಿ ಹೊಟ್ಟೆಯಷ್ಟು ತೀಕ್ಷ್ಣವಲ್ಲ ಎಂಬುದು 3ನ್ನು ಆರಿಸಿದ್ದಕ್ಕೆ ಕಾರಣ. 2019ರಲ್ಲಿ ಅದನ್ನು ತಿದ್ದಿದರು.

ಊಟದ ಕಬ್ಬಿಣದ ಕವಲೂ ದನದಿಂದ ಕಲಿತ ಸೂಕ್ಷ್ಮಜೀವಿಗಳ ಕವಲೂ ಸೇರುವ ಜಾಗ ಈಚೆಗೆ ಕಾಣತೊಡಗಿದೆ. ಮೈಸೂರಿನ ಚೀಲದ ಹೊರಗುಳಿದ ಕಬ್ಬಿಣ ಮೈಗೆ ಸಿಗದಿದ್ದರೂ ದೊಡ್ಡ ಕರುಳಿಗೆ ಹೋಗಿಯೇ ಹೋಗುತ್ತದೆ. 2013ರಲ್ಲಿ ಜ್ಯೂರಿಕ್‌ನ ತಂತ್ರಜ್ಞಾನ ವಿಶ್ವವಿದ್ಯಾಲಯದ ಡೋಸ್ಟಾಲ್, ಲಾಕ್ರ್ವಾ ಮುಂತಾದವರು, ಮಕ್ಕಳ ಕರುಳಿನ ಸೂಕ್ಷ್ಮಜೀವಿಗಳನ್ನು ಸಾಕಿದ ಪಾತ್ರೆಗಳಲ್ಲಿ ಕಬ್ಬಿಣವನ್ನು ತೀರ ಇಳಿಸಿದಾಗ ಆ ಸಮುದಾಯದ ಸಮತೋಲ ಕೆಟ್ಟು, ಕರುಳಿನ ಗೋಡೆಗೆ ಆಹಾರವಾಗುವ ಆಮ್ಲಗಳ ಉತ್ಪತ್ತಿ ಕುಸಿದದ್ದನ್ನು ಕಂಡರು. ಮುರುಗಲಿನ ಟ್ಯಾನಿನ್ ಹಿಡಿದ ಕಬ್ಬಿಣ ಅಲ್ಲಿ ಮತ್ತೆ ಬಿಡುಗಡೆಯಾಗುತ್ತದೆಯೇ, ಅಲ್ಲಿನ ಜೀವಿಗಳಿಗೆ ದಕ್ಕುತ್ತದೆಯೇ ಎಂದು ತಿಳಿಯಲು ಚೀಲದ ಸೀಸೆಯನ್ನು ಗೆಂಟ್ ಬಗೆಯ ಪಾತ್ರೆಗೆ ಜೋಡಿಸಬೇಕಾಗುತ್ತದೆ. ಅಂಥ ಪಾತ್ರೆಗೆ ಬೀಜವಾಗುವ ಮಲ ಯಾರದೋ, ಅದರ ಉತ್ತರವೂ ಅವರದೇ. ಬ್ರೆಡ್ಡು, ಚೀಸ್ ತಿಂದು ಬೆಳೆದ ಯುರೋಪಿನವರ ಜೀವಿಗಳಲ್ಲಿ ಬಂದ ಫಲವನ್ನು ಅನ್ನ, ಮಜ್ಜಿಗೆ, ಹುಳಿ ಉಣ್ಣುವ ಸೊರಬ, ಶಿಕಾರಿಪುರದವರಿಗೆ ಹಾಗೆಯೇ ಹಚ್ಚಲಾಗದು. ಆ ಪ್ರಯೋಗಕ್ಕೆ ಬೀಜವೂ ಊಟವೂ ಒಂದೇ ಸೀಮೆಯಿಂದ ಬರಬೇಕು.